ಪರೀಕ್ಷೆ ನಡೆದದ್ದು ಯಾವ ದಿನ?

ಆತ್ಮೀಯರೇ,

ನಿಮ್ಮ ‘ಮನೋಬಲವೇ ಮದ್ದು’ ಲೇಖನವನ್ನು ಎರಡು ಬಾರಿ ಓದಿದೆ. ಆಸ್ಪತ್ರೆಯಲ್ಲಿರುವ ರೋಗಿಗಳಲ್ಲಿ ಯಾರು ಬೇಗ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ವ್ಯಕ್ತಿತ್ವ ಪರೀಕ್ಷೆಯ ಅಂಕಗಳೇ ತಿಳಿಸುತ್ತವೆ ಎಂದು ವಾದಿಸಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನೀವು ಮಾತನಾಡಿಸಿದ ರೋಗಿಗಳೆಲ್ಲರೂ ಪ್ರಶ್ನಾವಳಿ ತುಂಬಿದ್ದು ಕಾಯಿಲೆ ಬಿದ್ದ ಮೇಲೆ. ‘ನನಗೆ ಬೇಗ ದಣಿವಾಗುತ್ತದೆ’, ‘ನಿದ್ದೆ ಸರಿಯಾಗಿ ಬರುವುದಿಲ್ಲ’ ಎಂಬಂಥ ಸಾಲುಗಳಿಗೆ, ಹೊಲಿಗೆ ಇನ್ನೂ ಹಸಿಯಾಗಿರುವವರು ಹೌದು ಎನ್ನದೆ ಇನ್ನೇನು ಹೇಳಿಯಾರು? ಅಲ್ಲಿ ಉತ್ತರ ಕೊಡುತ್ತಿರುವುದು ದೇಹದ ನೋವು. ಸ್ವಭಾವವೆಂದು ಅದಕ್ಕೆ ಹೆಸರಿಟ್ಟವರು ನೀವು. ಕಾಯಿಲೆ ತೀವ್ರವಾಗಿದ್ದವರ ಅಂಕವೂ ಕೆಡುತ್ತದೆ, ಚೇತರಿಕೆಯೂ ತಡವಾಗುತ್ತದೆ. ನೀವು ಹೊಗಳಿರುವ ಎಂಎಂಪಿಐ ಎಂಬ ವ್ಯಕ್ತಿತ್ವ ಪ್ರಶ್ನಾವಳಿಯನ್ನೇ ನೋಡಿ. 1943ರಲ್ಲಿ ಪ್ರಕಟವಾದ ಅದನ್ನು ರೂಪಿಸುವಾಗ ಹೋಲಿಕೆಗಾಗಿ ‘ಸಾಮಾನ್ಯರು’ ಎಂದು ಪರಿಗಣಿಸಿದ್ದು ಬಹುಪಾಲು ಮಿನೆಸೋಟ ವಿಶ್ವವಿದ್ಯಾಲಯದ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದಿದ್ದ ಬಂಧುಮಿತ್ರರನ್ನು. ಮಂಚದ ಪಕ್ಕ ನಿಂತವರಿಂದ ಪಡೆದ ಅಳತೆಯನ್ನು ಮಂಚದ ಮೇಲೆ ಮಲಗಿದವರಿಗೆ ಅನ್ವಯಿಸುವಾಗ ಎಷ್ಟು ಎಚ್ಚರ ಬೇಕೆಂದು ಒಂದು ಸಾಲನ್ನಾದರೂ ನೀವು ಬರೆಯಬೇಕಿತ್ತು.

ಹಾಗೆಂದು ಈ ಪ್ರಶ್ನೆಯೇ ಹುರುಳಿಲ್ಲದ್ದಲ್ಲ. 1957ರ ಏಷ್ಯನ್ ಫ್ಲೂ ಹರಡುವ ಮೊದಲೇ ಇಂಬೋಡೆನ್, ಕ್ಯಾಂಟರ್ ಮತ್ತು ಕ್ಲಫ್ ಎಂಬ ಅಮೆರಿಕದ ಸಂಶೋಧಕರು ಉದ್ಯೋಗಿಗಳ ಗುಂಪೊಂದನ್ನು ಮಾನಸಿಕ ಪರೀಕ್ಷೆಗೆ ಒಳಪಡಿಸಿದ್ದರು. ಮುಂದೆ ಜ್ವರ ಬಂದವರಲ್ಲಿ, ಖಿನ್ನತೆಯತ್ತ ವಾಲುವವರೆಂದು ಮೊದಲೇ ಕಂಡಿದ್ದವರು ನಿಧಾನವಾಗಿ ಚೇತರಿಸಿಕೊಂಡರು. ಅಂಕಗಳು ಕಾಯಿಲೆಗಿಂತ ಮೊದಲಿನವು; ಆ ಅಧ್ಯಯನದ ತೂಕವಿರುವುದು ಅಲ್ಲೇ.

ಧಾವಂತದ, ಪೈಪೋಟಿ ಸ್ವಭಾವದ ‘ಟೈಪ್ ಎ’ ಜನ ಹೃದ್ರೋಗ ಬಂದರೆ ಉಳಿಯುವುದೇ ಕಷ್ಟ ಎಂದಿದ್ದೀರಿ. 1988ರಲ್ಲಿ ರಾಗ್‌ಲ್ಯಾಂಡ್ ಮತ್ತು ಬ್ರ್ಯಾಂಡ್ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧವಾಗಿದೆ: ಹೃದ್ರೋಗಕ್ಕೆ ತುತ್ತಾದ ಪುರುಷರಲ್ಲಿ ಆ ಕಾಯಿಲೆಯಿಂದ ಸತ್ತವರ ಪ್ರಮಾಣ ನಿರಾಳ ಸ್ವಭಾವದ ‘ಟೈಪ್ ಬಿ’ ಗುಂಪಿಗಿಂತ ಟೈಪ್ ಎ ಗುಂಪಿನಲ್ಲೇ ಕಡಿಮೆಯಿತ್ತು. ಆ ಪರಿಚ್ಛೇದವನ್ನು ತೆಗೆಯಿರಿ.

‘ಗಟ್ಟಿ ಮನಸ್ಸಿನವರು ಗೆದ್ದರು, ಉಳಿದವರು ಸೋತರು’ ಎಂಬ ಸಾಲನ್ನಂತೂ ಉಳಿಸಲೇಬೇಡಿ. ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು ಅದನ್ನು ಓದಬಹುದು. ತಾಯಿಯ ಸಾವಿಗೆ ತಾಯಿಯ ಸ್ವಭಾವವೇ ಕಾರಣ ಎಂದು ಅವಳಿಗೆ ಹೇಳುವ ಅಧಿಕಾರವನ್ನು ಯಾವ ಪ್ರಶ್ನಾವಳಿಯೂ ನಮಗೆ ಕೊಟ್ಟಿಲ್ಲ.

ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಎರಡೇ ಸಾಲಿನಲ್ಲಿ ದಾಟಿ ಹೋದ ಮಹಿಳೆ. ವಿಪರೀತ ಆತಂಕದ ಸ್ವಭಾವದವರೆಂದು ಅವರಿಗೆ ಅಂಕ ಬಂದಿತ್ತು. ಆದರೆ ಆ ಆತಂಕದಿಂದಲೇ ಅವರು ಉಸಿರಾಟದ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಲಿಲ್ಲ, ಮಾತ್ರೆಯ ಹೊತ್ತು ಮೀರಲು ಬಿಡಲಿಲ್ಲ, ಎಲ್ಲರಿಗಿಂತ ಮೊದಲು ಎದ್ದು ನಡೆದಾಡಿದರು. ನಿಮ್ಮ ವಾದವನ್ನೇ ಅಲುಗಾಡಿಸುವ ವ್ಯಕ್ತಿ ಅವರು. ಲೇಖನವನ್ನು ಅವರಿಂದಲೇ ಆರಂಭಿಸಿ. ಪ್ರತಿಯೊಬ್ಬ ರೋಗಿಗೂ ಪರೀಕ್ಷೆ ನಡೆದ ದಿನವನ್ನೂ ಆಗಿನ ಕಾಯಿಲೆಯ ತೀವ್ರತೆಯನ್ನೂ ಸೇರಿಸಿ ಮತ್ತೆ ಕಳುಹಿಸಿ.

ಸಂಪಾದಕ