ಅಮೆರಿಕದಲ್ಲಿ ಫಾರ್ಮಸಿ ರೆಸಿಡೆನ್ಸಿ ಸಿಕ್ಕಿದೆ, ಏನು ಓದಿಕೊಂಡು ಹೋಗಲಿ?

ಮ್ಯಾಚ್ ಆಯ್ತು, ಅಂದರೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಸೀಟು ಸಿಕ್ಕಿತು ಅಂದ್ರಿ, ಖುಷಿಯಾಯಿತು. ಆದರೆ ಪುಸ್ತಕ ಪಕ್ಕಕ್ಕಿಡಿ. ಪಿಜಿವೈ-1, ಅಂದರೆ ರೆಸಿಡೆನ್ಸಿಯ ಮೊದಲ ವರ್ಷ, ಕೋರ್ಸ್ ಅಲ್ಲ, ಸಂಬಳ ಕೊಟ್ಟು ದುಡಿಸಿಕೊಳ್ಳುವ 12 ತಿಂಗಳ ಕೆಲಸ. ಮೈಸೂರಿನಲ್ಲಿ ಫಾರ್ಮ್ ಡಿ ಮುಗಿಸಿ, ಎಫ್‌ಪಿಜಿಇಇ ಅನ್ನೋ ಹೊರದೇಶದ ಫಾರ್ಮಸಿ ಪದವೀಧರರ ಪರೀಕ್ಷೆ ಬರೆದು ಹೋದವಳು ನಾನು. ದಪ್ಪ ದಪ್ಪ ಪುಸ್ತಕ ಹೊತ್ತುಕೊಂಡು ಹೋಗಿದ್ದೆ. ಲಗೇಜ್ ಭಾರ ಜಾಸ್ತಿಯಾಗಿದ್ದೇ ಬಂತು.

ಆರನೇ ವರ್ಷದ ಇಂಟರ್ನ್‌ಶಿಪ್‌ನಲ್ಲಿ ನಾನು ರೌಂಡ್ಸ್‌ನ ಹಿಂದೆ ಹಿಂದೆ ನಡೆದವಳು. ಅಲ್ಲಿ ಅದು ನಡೆಯಲ್ಲ. ಒಬ್ಬ ರೋಗಿಗೆ ವ್ಯಾಂಕೊಮೈಸಿನ್ ಅನ್ನೋ ಆಂಟಿಬಯೋಟಿಕ್ ಹೋಗುತ್ತಿತ್ತು, ರಾತ್ರಿ ಬೆಳಗಾಗುವಷ್ಟರಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 0.9ರಿಂದ 1.6ಕ್ಕೆ ಏರಿತ್ತು. ಡಾಕ್ಟರಿಗೆ ಹೇಳಿದೆ. "ಸರಿ, ಈಗೇನು ಮಾಡೋಣ?" ಅಂತ ನನ್ನನ್ನೇ ಕೇಳಿದರು! ಮುಂದಿನ ಡೋಸ್ ತಡೆಯಿರಿ, ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಲೆವೆಲ್ ಟೆಸ್ಟಿಗೆ ಕಳಿಸಿ ಅನ್ನೋದಕ್ಕೆ ಗಂಟಲು ಕಟ್ಟಿತ್ತು. ಇದರ ಜೊತೆ ವಾರಾಂತ್ಯದ ಪಾಳಿ, ಕೋಡ್ ಬ್ಲೂ (ರೋಗಿಯ ಹೃದಯ ನಿಂತಿದೆ ಅನ್ನೋ ಕರೆ) ಅಂದ ಕೂಡಲೇ ಓಟ. ಅದೆಲ್ಲ ಅಭ್ಯಾಸವಾಗುತ್ತೆ ಬಿಡಿ.

ನಾನು ಪೆಟ್ಟು ತಿಂದಿದ್ದು ರಿಸರ್ಚ್ ಪ್ರಾಜೆಕ್ಟಿನಲ್ಲಿ. 2020ರ ಗೈಡ್‌ಲೈನ್ ಬಂದ ಮೇಲೆ ವ್ಯಾಂಕೊಮೈಸಿನ್‌ಗೆ ಟ್ರಫ್ (ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ ಉಳಿದ ಔಷಧಿ) ಬದಲು ಎಯುಸಿ (ದಿನವಿಡೀ ದೇಹಕ್ಕೆ ಸಿಕ್ಕ ಒಟ್ಟು ಔಷಧಿಯ ಲೆಕ್ಕ) ನೋಡುತ್ತಾರಲ್ಲ, ಅದರಿಂದ ಕಿಡ್ನಿಗೆ ಹಾನಿ ಕಮ್ಮಿಯಾಯಿತಾ ಅನ್ನೋದು ನನ್ನ ವಿಷಯ. ಐಆರ್‌ಬಿ, ಅಂದರೆ ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ, ಒಪ್ಪದೆ ರೋಗಿಯ ಒಂದು ಚಾರ್ಟನ್ನೂ ಮುಟ್ಟುವ ಹಾಗಿಲ್ಲ. ಅದು ಗೊತ್ತಿದ್ದೂ, ಪ್ರೊಟೊಕಾಲ್ ಚೆನ್ನಾಗಿ ಬರಲಿ ಅಂತ ತಿದ್ದುತ್ತಾ ಕೂತೆ. ಅರ್ಜಿ ಹಾಕುವಾಗ ನವೆಂಬರ್. ಡಿಸೆಂಬರ್ ಮಿಡ್‌ಇಯರ್ ಅನ್ನೋ ಫಾರ್ಮಸಿಸ್ಟರ ಸಮ್ಮೇಳನ, ರಜೆ ಅಂತ ಹೋಯಿತು. ಆಮೇಲೆ ಅರ್ಜಿ ವಾಪಸ್ ಬಂತು. ಯಾಕೆ ಗೊತ್ತಾ? ಕ್ರಿಯಾಟಿನಿನ್ ಎಷ್ಟು ಏರಿದರೆ ಹಾನಿ ಅಂತ ಲೆಕ್ಕ ಹಿಡಿಯುತ್ತೇನೆ ಅನ್ನೋದನ್ನೇ ಬರೆದಿರಲಿಲ್ಲ! ಅಷ್ಟು ತಿದ್ದಿದವಳಿಗೆ ಆ ಒಂದು ಸಾಲು ಕಾಣಲಿಲ್ಲ. ಮತ್ತೆ ಸರದಿ. ಅನುಮತಿ ಸಿಕ್ಕಿದ್ದು ಫೆಬ್ರವರಿ ಕೊನೆಗೆ. ಚಾರ್ಟುಗಳನ್ನು ಒಂದೊಂದಾಗಿ ಕೈಯಲ್ಲೇ ನೋಡಬೇಕಿತ್ತು ಬೇರೆ. ಜೂನ್ ಕೊನೆಗೆ ರೆಸಿಡೆನ್ಸಿ ಮುಗಿದರೂ ವರದಿ ಮುಗಿಯಲಿಲ್ಲ, ಸರ್ಟಿಫಿಕೇಟ್ ತಡೆಹಿಡಿದರು. ಒಪ್ಪಿಕೊಂಡಿದ್ದ ಐಸಿಯು ಕೆಲಸ ಬೇರೆಯವರ ಪಾಲಾಯಿತು.

ಹಾಗಾಗಿ ಮೊದಲ ವಾರವೇ ಹೋದ ವರ್ಷದವರ ಐಆರ್‌ಬಿ ಅರ್ಜಿ ಕೇಳಿ ಇಸ್ಕೊಳ್ಳಿ. ವಿಷಯ ಚಿಕ್ಕದಿರಲಿ, ಕಂಪ್ಯೂಟರಿನಿಂದಲೇ ಡೇಟಾ ಸಿಗುವಂಥದ್ದು. ಪ್ರಿಸೆಪ್ಟರ್ (ನಿಮ್ಮನ್ನು ತರಬೇತಿ ಮಾಡುವ ಹಿರಿಯ ಫಾರ್ಮಸಿಸ್ಟ್) ದೊಡ್ಡ ವಿಷಯ ಕೊಟ್ಟರೆ ಆಗಲ್ಲ ಅನ್ನಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಓದದೆ ಇರಲಾಗಲ್ಲ ಅಂದ್ರೆ ಆ ಆಸ್ಪತ್ರೆಯದೇ ಡೋಸಿಂಗ್ ಪ್ರೊಟೊಕಾಲ್ ಕಳಿಸಿಕೊಡಿ ಅಂತ ಈಗಲೇ ಒಂದು ಮೇಲ್ ಹಾಕಿ.