ಟಿಕ್ಕಾ ರೈಫಲ್ ಮೇಲೆ ಮೇರಿಲ್ಯಾಂಡ್ ಅಂತಿದೆ, ಅದು ಅಮೆರಿಕದಲ್ಲೇ ಮಾಡಿದ್ದಾ?

ಅಲ್ಲ, ಅದು ಅಪ್ಪಟ ಫಿನ್ಲೆಂಡ್ ಮಾಲು. ರೀಹಿಮ್ಯಾಕಿ ಅನ್ನೋ ಊರಿನ ಸಾಕೋ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಟಿಕ್ಕಾ, ಸಾಕೋ ಎರಡೂ ಅಲ್ಲಿಂದಲೇ ಬರುತ್ತವೆ, ಎರಡಕ್ಕೂ ಈಗ ಮಾಲೀಕರು ಇಟಲಿಯ ಬೆರೆಟ್ಟಾ ಗುಂಪು. ಮೇರಿಲ್ಯಾಂಡ್‌ನ ಅಕೋಕೀಕ್ ಅನ್ನೋದು ಅಮೆರಿಕಕ್ಕೆ ತರಿಸಿಕೊಳ್ಳುವ ಬೆರೆಟ್ಟಾ ಕಂಪನಿಯ ವಿಳಾಸ, ಅಷ್ಟೇ. ಅಲ್ಲಿನ ಕಾನೂನು ಪ್ರಕಾರ ಹೊರಗಿನಿಂದ ಬಂದ ಬಂದೂಕಿನ ಮೇಲೆ ಆಮದುದಾರರ ಹೆಸರು, ಊರು, ರಾಜ್ಯ, ಜೊತೆಗೆ ತಯಾರಾದ ದೇಶವನ್ನೂ ಕೆತ್ತಲೇಬೇಕು, ಅದೂ ಕನಿಷ್ಠ 0.003 ಇಂಚು ಆಳಕ್ಕೆ. ಹಾಗಾಗಿ ದೊಡ್ಡದಾಗಿ ಕಾಣೋ ಊರಿನ ಹೆಸರು ನೋಡಿ ಮೋಸ ಹೋಗಬೇಡಿ, ದೇಶದ ಹೆಸರು ಹುಡುಕಿ.

ನನಗೆ ಜಾಸ್ತಿ ಇಷ್ಟ ಜರ್ಮನ್ ಗುರುತುಗಳು. ಉಲ್ಮ್‌ನಲ್ಲಿ ತಯಾರಾಗೋ ಆನ್‌ಶುಟ್ಜ್ ರೈಫಲಿನ ಬ್ಯಾರೆಲ್ ಬುಡವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪುಟ್ಟ ಹದ್ದು, ಅದರ ಕೆಳಗೆ 'ಎನ್' ಅಕ್ಷರ (ನೈಟ್ರೋ, ಅಂದರೆ ಹೊಗೆಯಿಲ್ಲದ ಮದ್ದಿನಿಂದ ಪರೀಕ್ಷೆಯಾಗಿದೆ ಅಂತ), ಪಕ್ಕದಲ್ಲಿ ಜಿಂಕೆ ಕೊಂಬು ಕಾಣುತ್ತದೆ. ಕೊಂಬು ಅಂದರೆ ಬಂದೂಕು ಸುರಕ್ಷಿತವೇ ಅಂತ ಗುಂಡು ಹಾರಿಸಿ ನೋಡುವ ಉಲ್ಮ್ ಪರೀಕ್ಷಾ ಕೇಂದ್ರದ ಮುದ್ರೆ. ಹತ್ತಿರದ ಎರಡಕ್ಷರ ಸುಮ್ನೆ ಹಾಕಿದ್ದಲ್ಲ, ಅದು ವರ್ಷ: ಎ ಅಂದ್ರೆ 0, ಬಿ ಅಂದ್ರೆ 1, ಹೀಗೇ ಎಣಿಸಿದರೆ 'ಎಚ್‌ಎಫ್' ಅಂದರೆ 75, ಅಂದರೆ 1975ರಲ್ಲಿ ಪರೀಕ್ಷೆಯಾದದ್ದು.