ತಂಪು ಗಾಳಿಯ ಕಿಟ್ಟಿಗೆ ಹಣ ಹಾಕಬೇಕೆ? (ವಾಹನ ಪ್ರಶ್ನೋತ್ತರ)

ಪ್ರಶ್ನೆ: ನನ್ನ ಬಳಿ ಐದು ವರ್ಷ ಹಳೆಯ 1.2 ಲೀಟರ್ ಪೆಟ್ರೋಲ್ ಕಾರಿದೆ. ತಿಂಗಳಿಗೆ ಒಂದೆರಡು ಬಾರಿ ಬೆಂಗಳೂರಿಗೆ ಹೋಗಿಬರುತ್ತೇನೆ. ಉಳಿದಂತೆ ಊರೊಳಗಿನ ಓಡಾಟ. ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆದು ‘ಕೋಲ್ಡ್ ಏರ್ ಇಂಟೇಕ್’ ಕಿಟ್ ಹಾಕಿಸಿದರೆ ಪಿಕಪ್ಪೂ ಮೈಲೇಜೂ ಹೆಚ್ಚುತ್ತವೆ ಎಂದು ಪರಿಚಯದ ಗ್ಯಾರೇಜಿನವರು ಹೇಳುತ್ತಿದ್ದಾರೆ. ಕಿಟ್ಟಿಗೆ ಹದಿನೈದು ಸಾವಿರ ರೂಪಾಯಿ ಆಗುತ್ತದಂತೆ. ಹಾಕಿಸಬಹುದೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಹಾಕಿಸಬೇಡಿ. ಗ್ಯಾರೇಜಿನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿದರೆ ಹದಿನೈದು ಸಾವಿರ ಉಳಿಯುತ್ತದೆ.

ಗಾಳಿ ತಣ್ಣಗಿದ್ದಷ್ಟೂ ಸಾಂದ್ರವಾಗಿರುತ್ತದೆ. ಪೆಟ್ರೋಲ್ ಎಂಜಿನ್ ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿಗೆ ಒಂದು ಭಾಗ ಪೆಟ್ರೋಲನ್ನು ಬೆರೆಸಿ ಉರಿಸುವುದರಿಂದ, ಸಿಲಿಂಡರಿಗೆ ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಶಕ್ತಿ ದೊರೆಯುತ್ತದೆ ಎಂಬುದು ನಿಜ. 60 ಡಿಗ್ರಿಯ ಗಾಳಿಯ ಬದಲು 35 ಡಿಗ್ರಿಯ ಗಾಳಿ ಸಿಕ್ಕರೆ ಸಾಂದ್ರತೆ ಶೇ. 8ರಷ್ಟು ಏರುತ್ತದೆ. ಕಿಟ್ ಮಾರುವವರ ವಾದವೆಲ್ಲ ನಿಂತಿರುವುದು ಈ ಶೇ. 8ರ ಮೇಲೆಯೇ. ಆದರೆ ಕಾರು ತಯಾರಿಸಿದವರಿಗೂ ಈ ವಿಷಯ ಗೊತ್ತಿತ್ತು. ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯಿಂದ ಮುಂದಕ್ಕೆ ಹೊರಟಿರುವ ಕಪ್ಪು ಪ್ಲಾಸ್ಟಿಕ್ ಕೊಳವೆ ಎಲ್ಲಿಗೆ ಹೋಗುತ್ತದೆಂದು ನೋಡಿ. ಬಹುತೇಕ ಕಾರುಗಳಲ್ಲಿ ಅದರ ಬಾಯಿ ಗ್ರಿಲ್‌ನ ಹಿಂದೆ, ರೇಡಿಯೇಟರಿನ ಮೇಲ್ಪಟ್ಟಿಯ ಬಳಿ, ಇಲ್ಲವೇ ಹೆಡ್‌ಲೈಟಿನ ಪಕ್ಕದಲ್ಲಿ ತೆರೆದುಕೊಂಡಿರುತ್ತದೆ. ಅಂದರೆ ನಿಮ್ಮ ಕಾರು ಈಗಾಗಲೇ ಹೊರಗಿನ ಗಾಳಿಯನ್ನೇ ಉಸಿರಾಡುತ್ತಿದೆ. ತಮಾಷೆಯೆಂದರೆ, ಇದೇ ಹೆಸರಿನಲ್ಲಿ ಮಾರುವ ಅಗ್ಗದ ಕಿಟ್ಟುಗಳಲ್ಲಿ ಎಷ್ಟೋ ಕಿಟ್ಟುಗಳು ಒಂದು ಕೋನ್ ಫಿಲ್ಟರನ್ನು ಎಂಜಿನ್ನಿನ ಪಕ್ಕದಲ್ಲೇ ಬರಿಮೈಯಲ್ಲಿ ಕೂರಿಸುತ್ತವೆ. ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಅವು ಹೀರುವುದು ರೇಡಿಯೇಟರಿನಿಂದ ಬಂದ ಬಿಸಿ ಗಾಳಿಯನ್ನು.

ಇದನ್ನು ನೀವೇ ಅಳೆಯಬಹುದು. ಸ್ಟೀರಿಂಗಿನ ಕೆಳಗಿರುವ, ಎಂಜಿನ್ನಿನ ಮಾಹಿತಿ ಓದಲು ಬಳಸುವ ಒಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಒಳಬರುವ ಗಾಳಿಯ ತಾಪವನ್ನು ಮೊಬೈಲಿನಲ್ಲಿ ನೋಡುವ ವ್ಯವಸ್ಥೆ ಮಾಡಿಕೊಂಡು, ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಹೋಗಿ. ಆ ಅಂಕಿಯನ್ನು ಓದುವ ಕೆಲಸ ಪಕ್ಕದಲ್ಲಿ ಕುಳಿತವರದಾಗಿರಲಿ. ಆ ತಾಪಕ್ಕೂ ಹೊರಗಿನ ತಾಪಕ್ಕೂ ಇರುವ ಅಂತರವೇ ಕಿಟ್ಟಿಗೆ ಸಿಗಬಹುದಾದ ಗರಿಷ್ಠ ಲಾಭ, ಏಕೆಂದರೆ ಯಾವ ಪೈಪೂ ಹೊರಗಿನ ಗಾಳಿಗಿಂತ ತಣ್ಣನೆಯ ಗಾಳಿಯನ್ನು ತರಲಾರದು. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ 39 ಡಿಗ್ರಿ ಇದ್ದರೆ ‘ತಂಪು ಗಾಳಿ’ ಎಂದರೆ ಅದೇ 39 ಡಿಗ್ರಿ. ಅಂತರ ಹತ್ತು ಡಿಗ್ರಿಯಿದ್ದರೂ ಸಾಂದ್ರತೆಯ ಲೆಕ್ಕದಲ್ಲಿ ಅದು ಶೇ. 3, 80 ಅಶ್ವಶಕ್ತಿಯ ಎಂಜಿನ್ನಿಗೆ ಎರಡೂವರೆಗೂ ಕಡಿಮೆ. ಅದೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ದಾವಣಗೆರೆಯಿಂದ ಮಂಗಳೂರಿಗೆ ಇಳಿದರೆ, ತಾಪ ಒಂದೇ ಇದ್ದಲ್ಲಿ, ಗಾಳಿಯ ಸಾಂದ್ರತೆ ಶೇ. 7ರಷ್ಟು ಪುಕ್ಕಟೆಯಾಗಿ ಹೆಚ್ಚುತ್ತದೆ. ಅಲ್ಲಿ ಹೋದಾಗ ಕಾರು ಹಾರಿತು ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ.

ಮೈಲೇಜಿನ ಮಾತಿಗೆ ಇಷ್ಟೂ ಆಧಾರವಿಲ್ಲ. ಸಾಮಾನ್ಯ ಓಟದಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದು ಹಿಡಿಯುವುದು ಫಿಲ್ಟರ್ ಅಲ್ಲ, ನಿಮ್ಮ ಕಾಲಿನ ಅಳತೆಗೆ ತಕ್ಕಂತೆ ಅರೆಬರೆ ತೆರೆದಿರುವ ಥ್ರಾಟಲ್ ಎಂಬ ಗಾಳಿಯ ಕವಾಟ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಫ್ಯೂಯಲ್ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳ ಫಿಲ್ಟರನ್ನು ಗಾಳಿ ಸರಿಯಾಗಿ ಹೋಗದಂತೆ ಬೇಕೆಂದೇ ಕಟ್ಟಿಸಿದರೂ ಇಂಧನ ಬಳಕೆ ಗಮನಾರ್ಹವಾಗಿ ಬದಲಾಗಲಿಲ್ಲ. ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಕಟ್ಟಿದ ಫಿಲ್ಟರಿನಿಂದಲೇ ಮೈಲೇಜ್ ಕುಸಿಯದಿರುವಾಗ, ಸರಾಗ ಫಿಲ್ಟರಿನಿಂದ ಅದು ಏರುವುದಾದರೂ ಹೇಗೆ? ಕಿಟ್ ಹಾಕಿಸಿದವರಿಗೆ ಪಿಕಪ್ ಹೆಚ್ಚಿದಂತೆ ಅನಿಸುವುದಕ್ಕೆ ಮುಖ್ಯ ಕಾರಣ ಸದ್ದು. ಕಂಪನಿಯ ಡಬ್ಬಿ ಮತ್ತು ಅದಕ್ಕೆ ಅಂಟಿಕೊಂಡಿರುವ ಖಾಲಿ ಕೋಣೆಗಳು ಗಾಳಿ ಹೀರುವ ಗರ್ಜನೆಯನ್ನು ಅಡಗಿಸುತ್ತವೆ. ಅವನ್ನು ತೆಗೆದರೆ ಗರ್ಜನೆ ಕೇಳುತ್ತದೆ, ಕಾರು ಓಡುತ್ತಿದೆ ಎಂದು ಮನಸ್ಸು ನಂಬುತ್ತದೆ. ಆ ಸದ್ದಿಗಾಗಿಯೇ ಹಣ ಕೊಡುವವರ ಮೇಲೆ ನನಗೆ ತಕರಾರಿಲ್ಲ.

ನನ್ನ ನಿಜವಾದ ಆಕ್ಷೇಪವಿರುವುದು ಧೂಳಿನ ವಿಷಯದಲ್ಲಿ. ನಿಮ್ಮ ಎಂಜಿನ್ ಹೆದ್ದಾರಿಯಲ್ಲಿ ಗಂಟೆಗೆ ಸುಮಾರು 50,000 ಲೀಟರ್ ಗಾಳಿಯನ್ನು ನುಂಗುತ್ತದೆ. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ಜಗಳೂರಿನ ರಸ್ತೆಯಲ್ಲೋ, ಅದಿರಿನ ಲಾರಿಗಳು ಓಡಾಡುವ ಭೀಮಸಮುದ್ರದ ಕಡೆಯಲ್ಲೋ ಹೋದವರಿಗೆ ಆ ಗಾಳಿಯಲ್ಲಿ ಏನಿರುತ್ತದೆಂದು ಹೇಳಬೇಕಾಗಿಲ್ಲ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಣ ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಅದು ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಸಿಕ್ಕಿಕೊಂಡು ಎರಡನ್ನೂ ಸವೆಸುತ್ತದೆ, ವರ್ಷಗಳ ಮೇಲೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಗಾಳಿಯನ್ನು ಸರಾಗವಾಗಿ ಬಿಡುವ ಫಿಲ್ಟರ್ ಧೂಳನ್ನೂ ಸರಾಗವಾಗಿ ಬಿಡುವ ಸಾಧ್ಯತೆ ಹೆಚ್ಚು. ಫಿಲ್ಟರುಗಳ ಪರೀಕ್ಷೆಗೆ ಐಎಸ್ಒ 5011 ಎಂಬ ಮಾನದಂಡವಿದೆ. ಅದರ ಫಲಿತಾಂಶವನ್ನು ತೋರಿಸಿ ಎಂದು ಅಂಗಡಿಯವರನ್ನು ಕೇಳಿ, ಏನು ಉತ್ತರ ಬರುತ್ತದೆ ನೋಡಿ. ಎಣ್ಣೆ ಸವರುವ ಹತ್ತಿಯ ಫಿಲ್ಟರಾದರೆ ಇನ್ನೊಂದು ತೊಡಕು: ಎಣ್ಣೆ ಅತಿಯಾದರೆ ಅದು ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನ ತಂತಿಗೆ ಅಂಟಿ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ (ಇಸಿಯು) ತಪ್ಪು ಲೆಕ್ಕ ಹೋಗಬಹುದು.

ಫಿಲ್ಟರನ್ನು ಬಂಪರಿನ ಒಳಗೆ ತಗ್ಗಿನಲ್ಲಿ ಇಳಿಬಿಡುವ ಕಿಟ್ಟುಗಳೂ ಇವೆ. ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ನೀರಿನಲ್ಲಿ ಕಾರು ನುಗ್ಗಿಸಿದಾಗ ಅವು ನೀರನ್ನೇ ಹೀರಿದರೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಾನೂನಿನ ಕಡೆಯಿಂದ ನೋಡಿದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 182ಎ ಕಲಮಿನ ಪ್ರಕಾರ ನಿಯಮಗಳು ಅನುಮತಿಸದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು.

ಎಂಜಿನ್ನನ್ನೇ ಮರುಟ್ಯೂನ್ ಮಾಡಿಸಿ, ದೊಡ್ಡ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಕೂರಿಸಿ, ಟ್ರ್ಯಾಕಿನಲ್ಲಿ ಓಡಿಸುವವರಿಗೆ ದೊಡ್ಡ ಇಂಟೇಕ್ ನಿಜಕ್ಕೂ ಬೇಕಾಗುತ್ತದೆ. ಅಲ್ಲಿ ಕಂಪನಿಯ ಪೈಪು ಸಾಲದು. ನಿಮಗೆ ಬೇಕಾಗಿರುವುದು ಕೆಲವು ನೂರು ರೂಪಾಯಿಯ ಅಸಲಿ ಕಾಗದದ ಫಿಲ್ಟರ್. ಅದನ್ನು ಹಾಕುವ ಮುನ್ನ, ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ಪೈಪಿನ ಒಳಗೆ ಬಿಳಿಯ ಬಟ್ಟೆಯಿಂದ ಒಮ್ಮೆ ಒರೆಸಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಹಳೆಯ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲ, ಅಥವಾ ಡಬ್ಬಿಯ ಕ್ಲಿಪ್ಪೊಂದು ಮುರಿದಿದೆ ಎಂದರ್ಥ.

ಪ್ರಶ್ನೆ: ನಮ್ಮ ಟರ್ಬೊ ಡೀಸೆಲ್ ಪಿಕಪ್ ವಾಹನ ಇತ್ತೀಚೆಗೆ ಏರು ರಸ್ತೆಯಲ್ಲಿ ಕಪ್ಪು ಹೊಗೆ ಬಿಡುತ್ತಿದೆ, ಎಳೆತವೂ ಕಡಿಮೆಯಾಗಿದೆ. ದೊಡ್ಡ ಏರ್ ಫಿಲ್ಟರ್ ಹಾಕಿಸಿದರೆ ಸರಿಹೋಗುತ್ತದೆಯೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ ಎಂಬ ನಿಮ್ಮ ಊಹೆ ಸರಿಯಾದ ದಾರಿಯಲ್ಲೇ ಇದೆ. ಆದರೆ ಇತ್ತೀಚೆಗೆ ಶುರುವಾದ ತೊಂದರೆಗೆ ಕಂಪನಿಯ ಫಿಲ್ಟರಿನ ಗಾತ್ರ ಕಾರಣವಾಗಲಾರದು. ಮೊದಲು ಫಿಲ್ಟರ್ ಕಟ್ಟಿದೆಯೇ ನೋಡಿ, ಕಟ್ಟಿದ್ದರೆ ಹೊಸದು ಹಾಕಿ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಹೊಡೆಸಿ ಮತ್ತೆ ಬಳಸಬೇಡಿ. ಕಣ್ಣಿಗೆ ಕಾಣದಂತೆ ಕಾಗದ ಹರಿಯುತ್ತದೆ, ಟರ್ಬೊವಿನ ಗಾಳಿಚಕ್ರ ಧೂಳಿಗೆ ಸವೆಯುತ್ತದೆ. ಆಮೇಲೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೂ, ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರ್ ಹೋಸುಗಳನ್ನು ಪರೀಕ್ಷಿಸಿ. ಎಂಜಿನ್ ಆರಿಸಿ ತಣಿದ ಮೇಲೆ ಹೋಸಿನ ಅಡಿಭಾಗವನ್ನು, ಕ್ಲಿಪ್ಪಿನ ಸುತ್ತಲೂ, ಬೆರಳಿನಿಂದ ಸವರಿ. ಒಂದೇ ಕಡೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಟರ್ಬೊ ಒತ್ತಿದ ಗಾಳಿ ಅಲ್ಲಿಂದಲೇ ಸೋರುತ್ತಿರುವ ಸಂಭವ ಹೆಚ್ಚು. ಎರಡೂ ಸರಿಯಿದ್ದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಮತ್ತು ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವನ್ನು ಡೀಸೆಲ್ ಕೆಲಸ ಬಲ್ಲ ಮೆಕ್ಯಾನಿಕ್ ಹತ್ತಿರ ತೋರಿಸಿ.